ಆರ್‌ವಿ ಚಾವಣಿಯ ಎಸಿ ಬದಲಿಸುವಾಗ ಎಡವುವ ಜಾಗಗಳು

ಹೊಸ ಎಸಿ ಕೂರಿಸಿದ್ದಾಯಿತು, ಆದರೂ ಒಳಗೆ ಸೆಕೆ ಇಳಿಯುತ್ತಿಲ್ಲ. ಅಮೆರಿಕದ ಆರ್‌ವಿ (ಮನೆಯಂತೆ ವಾಸಿಸಬಹುದಾದ ಪ್ರವಾಸದ ಗಾಡಿ) ಮಾಲೀಕರಿಂದ ಬೇಸಿಗೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರು ಇದು. ಯಂತ್ರವನ್ನೇ ಬೈಯುವ ಮೊದಲು ಎಸಿ ಕೂರುವ ಚಾವಣಿಯ ತೂತಿನೊಳಗೆ ಕೈ ಹಾಕಿ ನೋಡಬೇಕು. ಡಕ್ಟ್‌ಗೆ (ಚಾವಣಿಯೊಳಗಿನ ಗಾಳಿಯ ಕೊಳವೆಗೆ) ಹೋಗಬೇಕಾದ ತಣ್ಣನೆಯ ಗಾಳಿ ಅಲ್ಲೇ ಸೋರಿ, ವಾಪಸ್ ಎಳೆಯುವ ಗಾಳಿಯೊಂದಿಗೆ ಬೆರೆತು ಸುತ್ತು ಹೊಡೆಯುತ್ತಿರುತ್ತದೆ. ಕೆಲಸದ ತಿರುಳು ಇರುವುದು ಆ ತೂತಿನಲ್ಲೇ. ಬೋಲ್ಟ್ ಬಿಚ್ಚಿ ಬಿಗಿಯುವುದು ಯಾರಿಗಾದರೂ ಬರುತ್ತದೆ.

ಮೊದಲು ಹಳೆಯದು ನಿಜಕ್ಕೂ ಸತ್ತಿದೆಯೇ ಖಾತ್ರಿ ಮಾಡಿಕೊಳ್ಳಿ. ಫ್ಯಾನ್ ತಿರುಗುತ್ತಿದೆ, ಕಂಪ್ರೆಸರ್ ಮಾತ್ರ ಒಂದೆರಡು ಕ್ಷಣ ಗುಂಯ್‌ಗುಟ್ಟಿ ಸುಮ್ಮನಾಗುತ್ತದೆ ಎಂದರೆ ಮೊದಲ ಅನುಮಾನ ಅದನ್ನು ಶುರುಮಾಡಿಸುವ ಕೆಪಾಸಿಟರ್ ಮೇಲಿರಲಿ. ಕರೆಂಟ್ ಪೂರ್ತಿ ತೆಗೆದು, ಕೆಪಾಸಿಟರನ್ನು ಡಿಸ್ಚಾರ್ಜ್ ಮಾಡಿ, ಮೀಟರ್‌ನಲ್ಲಿ ಮೈಕ್ರೋಫ್ಯಾರಡ್ ಅಳೆಯಿರಿ. ಲೇಬಲ್‌ನಲ್ಲಿರುವುದಕ್ಕಿಂತ 10 ಶೇಕಡಾ ಕಡಿಮೆ ತೋರಿಸಿದರೆ ಅದನ್ನಷ್ಟೇ ಬದಲಿಸಿದರೆ ಸಾಕು, ಖರ್ಚು ತೀರಾ ಕಡಿಮೆ. ಕಂಪ್ರೆಸರ್‌ನ ಟರ್ಮಿನಲ್‌ಗೂ ತಾಮ್ರದ ಪೈಪಿಗೂ ನಡುವೆ ಮೀಟರ್ ಸಂಪರ್ಕ ತೋರಿಸಿದರೆ ವೈಂಡಿಂಗ್ ಹೋಗಿದೆ ಎಂದೇ ಅರ್ಥ, ಆಗ ಹೊಸದೇ ಗತಿ. ಗ್ಯಾಸ್ ಸೋರಿದ್ದರೂ ಹೆಚ್ಚೂಕಡಿಮೆ ಅದೇ ಕಥೆ. ಈ ಯಂತ್ರಗಳಲ್ಲಿ ಮನೆಯ ಸ್ಪ್ಲಿಟ್ ಎಸಿಯಂತೆ ಗ್ಯಾಸ್ ತುಂಬುವ ಪೋರ್ಟ್ ಸಾಮಾನ್ಯವಾಗಿ ಇರುವುದಿಲ್ಲ, ಕಾರ್ಖಾನೆಯಲ್ಲೇ ಮುಚ್ಚಿ ಕಳಿಸಿರುತ್ತಾರೆ.

ಕೊಳ್ಳುವಾಗ ತೂತಿನ ಅಳತೆಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. 14 ಇಂಚು ಚೌಕ, ಕಾಲಿಂಚು ಆಚೀಚೆ, ಬಹುತೇಕ ಎಲ್ಲ ಗಾಡಿಗಳಲ್ಲೂ ಇಷ್ಟೇ. ನೋಡಬೇಕಾದದ್ದು ಬೇರೆ. ಗಾಳಿ ಚಾವಣಿಯೊಳಗಿನ ಡಕ್ಟ್‌ಗಳಲ್ಲಿ ಹರಿಯುತ್ತದೆಯೋ, ಎಸಿಯ ಕೆಳಗಿನ ಪೆಟ್ಟಿಗೆಯಿಂದ ನೇರ ಬೀಸುತ್ತದೆಯೋ? ಗೋಡೆಯ ಥರ್ಮೋಸ್ಟಾಟ್ ಯಾವ ಕಂಪನಿಯದು? ಡೊಮೆಟಿಕ್‌ನ ಮೇಲ್ಭಾಗವನ್ನು ಕೋಲ್‌ಮನ್ ಮ್ಯಾಕ್‌ನ ಕೆಳಪೆಟ್ಟಿಗೆಗೆ ಜೋಡಿಸಲು ಹೋದರೆ ಬೋಲ್ಟ್‌ನ ಜಾಗವೂ ಹೊಂದುವುದಿಲ್ಲ, ಕಂಟ್ರೋಲ್ ವೈರೂ ಹೊಂದುವುದಿಲ್ಲ. ಹಳೆಯ ಕಂಪನಿಯಲ್ಲೇ ಉಳಿಯಿರಿ, ಇಲ್ಲವೇ ಮೇಲಿನದು, ಕೆಳಗಿನದು, ಥರ್ಮೋಸ್ಟಾಟ್ ಮೂರನ್ನೂ ಒಟ್ಟಿಗೆ ಬದಲಿಸಿ. ಸಾಮಾನ್ಯ ಗಾತ್ರ 13,500 ಮತ್ತು 15,000 ಬಿಟಿಯು. ನಮ್ಮ ಲೆಕ್ಕದಲ್ಲಿ 12,000 ಬಿಟಿಯು ಅಂದರೆ ಒಂದು ಟನ್, ಹಾಗಾಗಿ ಇವು ಸುಮಾರು 1.1 ಮತ್ತು 1.25 ಟನ್.

ಕರೆಂಟಿನ ವಿಷಯದಲ್ಲಿ ಭಾರತದಿಂದ ಹೋದವರಿಗೆ ಒಂದು ಖಡಕ್ ಎಚ್ಚರಿಕೆ. ನಮ್ಮ ಹಳೆಯ ಮನೆಗಳ ವೈರಿಂಗ್‌ನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಅಮೆರಿಕದ 120 ವೋಲ್ಟ್ ವೈರಿಂಗ್‌ನಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್, ಹಸಿರು ಅಥವಾ ಬರಿಯ ತಾಮ್ರ ಅರ್ತ್. ಕೈಗೆ ಅಂಟಿದ ಅಭ್ಯಾಸ ಇಲ್ಲಿ ಜೀವಕ್ಕೆ ಎರವಾದೀತು. ಶೋರ್ ಪವರ್ ಕೇಬಲ್ (ಹೊರಗಿನ ಕರೆಂಟ್ ತರುವ ಕೇಬಲ್) ಕಿತ್ತು, ಜನರೇಟರ್ ಮತ್ತು ಇನ್ವರ್ಟರ್ ನಿಲ್ಲಿಸಿ, ಥರ್ಮೋಸ್ಟಾಟ್‌ಗೆ ಹೋಗುವ 12 ವೋಲ್ಟ್ ಡಿಸಿಯನ್ನೂ ಆಫ್ ಮಾಡಿ. ಆಮೇಲೆ ಟೆಸ್ಟರ್ ಇಟ್ಟು ನೋಡಿ, ವೈರ್‌ಗಳ ಫೋಟೋ ತೆಗೆದುಕೊಂಡು, ನಂತರವೇ ಬಿಚ್ಚಿ.

ಒಳಗಿನಿಂದ ನಾಲ್ಕು ಉದ್ದ ಬೋಲ್ಟ್ ತೆಗೆದರೆ ಮೇಲಿನ ಯಂತ್ರ ಸಡಿಲ. ಆದರೆ ತೂಕ 34ರಿಂದ 45 ಕಿಲೋ. ಏಣಿಯ ಮೇಲೆ ಒಬ್ಬರೇ ಹೊತ್ತು ಇಳಿಸುವ ಸಾಹಸ ಬೇಡ. ಇಬ್ಬರು ಮೇಲೆ, ಒಬ್ಬರು ಕೆಳಗೆ, ಹಗ್ಗ. ಯಂತ್ರದ ಅಡಿಯಲ್ಲಿ ನೀರು ತಡೆಯುವ ಹಳೆಯ ಗ್ಯಾಸ್ಕೆಟ್ ಚಾವಣಿಗೆ ಕಚ್ಚಿಕೊಂಡಿದ್ದರೆ ಎಳೆದಾಡಬೇಡಿ, ಚಾವಣಿಯ ಹೊದಿಕೆಯಾದ ರಬ್ಬರ್ ಹಾಳೆಯೇ ಹರಿದುಬರುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಬಿಡಿಸಿ, ಉಳಿದ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಇಪಿಡಿಎಂ ಎಂಬ ಚಾವಣಿ ರಬ್ಬರಿಗೆ ಪೆಟ್ರೋಲ್, ಸೀಮೆಎಣ್ಣೆ ಜಾತಿಯ ದ್ರವ ತಾಗಿಸಿದರೆ ಊದಿಕೊಳ್ಳುತ್ತದೆ. ತೂತಿನ ಸುತ್ತಲಿನ ಮರದ ಚೌಕಟ್ಟಿಗೆ ಚೂಪಾದ ಮೊಳೆಯೊಂದನ್ನು ಒತ್ತಿ ನೋಡಿ. ಸಲೀಸಾಗಿ ಇಳಿದರೆ ಮರ ಕೊಳೆತಿದೆ. ಅದನ್ನು ಸರಿಪಡಿಸದೆ ಹೊಸ ಭಾರ ಹೇರಬಾರದು.

ಹೊಸ ಯಂತ್ರವನ್ನು ತೂತಿನ ಮೇಲೆ ನೇರವಾಗಿ ಇಳಿಸಿ. ಜಾರಿಸಿದರೆ ಅಡಿಯ ಫೋಮ್ ಗ್ಯಾಸ್ಕೆಟ್ ಮಡಚಿಕೊಳ್ಳುತ್ತದೆ, ಮೊದಲ ಮಳೆಗೇ ಗೊತ್ತಾಗುತ್ತದೆ. ಬೋಲ್ಟ್‌ಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬನ್ನಿ. ಸಾಮಾನ್ಯವಾಗಿ ಗ್ಯಾಸ್ಕೆಟ್ ಸುತ್ತಲೂ ಸಮನಾಗಿ ಅರ್ಧ ಇಂಚಿನಷ್ಟಾದಾಗ ನಿಲ್ಲಿಸಬೇಕು. ಡೊಮೆಟಿಕ್‌ನಂಥವರು ಹೇಳುವುದು 40ರಿಂದ 50 ಇಂಚು-ಪೌಂಡ್. ಅದು ಬರೀ ಮಣಿಕಟ್ಟಿನ ಬಲ, ಇಂಪ್ಯಾಕ್ಟ್ ಡ್ರೈವರ್ ಪೆಟ್ಟಿಗೆಯಲ್ಲೇ ಇರಲಿ. ಅತಿಯಾಗಿ ಬಿಗಿದರೆ ತಳದ ತಟ್ಟೆ ಸೊಟ್ಟಗಾಗಿ ನೀರು ಒಳಗೆ ದಾರಿ ಹುಡುಕುತ್ತದೆ.

ಗ್ಯಾಸ್ಕೆಟ್ ಸುತ್ತ ಸೀಲಂಟ್ ಹಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ಹಚ್ಚಬೇಡಿ. ಗಾಳಿ ತಣಿಸುವ ಕಾಯಿಲ್‌ನಿಂದ ತೊಟ್ಟಿಕ್ಕುವ ನೀರು ತಳದ ತೂತುಗಳಿಂದ ಚಾವಣಿಯ ಮೇಲೆ ಹರಿದು ಹೋಗುವಂತೆಯೇ ಇದನ್ನು ಮಾಡಿರುತ್ತಾರೆ. ಸೀಲಂಟ್ ಆ ದಾರಿಗೆ ಅಡ್ಡ ನಿಂತರೆ ತಟ್ಟೆ ತುಂಬಿ, ನೀರು ತೂತಿನ ಅಂಚು ದಾಟಿ ಹಾಸಿಗೆಯ ಮೇಲೆ ಬೀಳುತ್ತದೆ.

ಈಗ ಒಳಗಿನ ಕೆಲಸ, ಅವಸರ ಪಡಬಾರದ ಕೆಲಸ. ತೂತನ್ನು ಎರಡಾಗಿ ಸೀಳುವ ಅಡ್ಡಪಟ್ಟಿ ಒಂದಿರುತ್ತದೆ: ಒಂದು ಕಡೆ ತಣ್ಣನೆಯ ಗಾಳಿ ಹೊರಡುತ್ತದೆ, ಇನ್ನೊಂದು ಕಡೆ ಒಳಗಿನ ಗಾಳಿ ವಾಪಸಾಗುತ್ತದೆ. ಆ ಪಟ್ಟಿ ಮೇಲೆ ಎಸಿಯ ತಳಕ್ಕೆ, ಕೆಳಗೆ ಪೆಟ್ಟಿಗೆಗೆ, ಎರಡು ಬದಿಗೂ ಸಂದಿಲ್ಲದೆ ಕೂರಬೇಕು. ಕಾರ್ಖಾನೆಯಲ್ಲಿ ಬಿಟ್ಟ ಸಂದುಗಳಲ್ಲಿ ಬೆರಳು ತೂರಿಸಬಹುದಾದ ಗಾಡಿಗಳೂ ಉಂಟು, ಚಾವಣಿಯೊಳಗಿನ ಬಿಳಿ ಥರ್ಮಾಕೋಲ್‌ನ ಕತ್ತರಿಸಿದ ಅಂಚು ಅಲ್ಲೇ ಇಣುಕುತ್ತಿರುತ್ತದೆ. ಅಲ್ಯೂಮಿನಿಯಂ ಫಾಯಿಲ್ ಟೇಪ್‌ನಿಂದ ಇಂಚಿಂಚೂ ಮುಚ್ಚಿ, ಡಕ್ಟ್‌ನ ಬಾಯಿ ಚಾವಣಿಗೆ ಸೇರುವಲ್ಲಿಯೂ. ಮಾಮೂಲಿ ಬಟ್ಟೆಯ ಡಕ್ಟ್ ಟೇಪ್ ಬಿಸಿಲಿಗೆ ಅಂಟು ಬಿಟ್ಟು ಜೋತುಬೀಳುತ್ತದೆ. ಫ್ರೀಜ್ ಸೆನ್ಸರ್ ಇರುವ ಮಾದರಿಯಲ್ಲಿ ಅದನ್ನು ಕಾಯಿಲ್‌ನ ರೆಕ್ಕೆಗಳ ನಡುವೆ ತೂರಿಸುವುದನ್ನೂ ಮರೆಯಬೇಡಿ, ಇಲ್ಲದಿದ್ದರೆ ಕಾಯಿಲ್ ಮಂಜುಗಟ್ಟಿ ಗಾಳಿಯೇ ನಿಲ್ಲುತ್ತದೆ.

ಚಾಲೂ ಮಾಡಿ ಕಾಲು ಗಂಟೆ ಬಿಟ್ಟು, ವಾಪಸ್ ಗಾಳಿ ಮತ್ತು ಹೊರಡುವ ಗಾಳಿಯ ಉಷ್ಣತೆ ಅಳೆಯಿರಿ. 16ರಿಂದ 22 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 9ರಿಂದ 12 ಸೆಲ್ಸಿಯಸ್ ವ್ಯತ್ಯಾಸ ಸಿಕ್ಕರೆ ಯಂತ್ರ ಸರಿಯಿದೆ. ಅಷ್ಟಿದ್ದೂ ಡಕ್ಟ್ ತುದಿಯ ಗಾಳಿ ಸಪ್ಪೆಯಾಗಿದ್ದರೆ ಸೋರಿಕೆ ಇನ್ನೂ ಉಳಿದಿದೆ. ಕಂಪ್ರೆಸರ್ ಓಡುವಾಗ ವೋಲ್ಟೇಜ್ 105ಕ್ಕಿಂತ ಕೆಳಗಿಳಿದರೆ ಆ ಕ್ಯಾಂಪ್‌ಗ್ರೌಂಡ್‌ನ ಕರೆಂಟಿನಲ್ಲಿ ಎಸಿ ಓಡಿಸಬೇಡಿ. ಸಣ್ಣ ಜನರೇಟರ್‌ನಲ್ಲಿ ಓಡಿಸುವ ಉದ್ದೇಶವಿದ್ದರೆ ಸಾಫ್ಟ್ ಸ್ಟಾರ್ಟ್ (ಶುರುವಿನ ಎಳೆತ ತಗ್ಗಿಸುವ ಸಾಧನ) ಹಾಕಿಸಿ. ಓಡುವಾಗ 12ರಿಂದ 15 ಆಂಪ್ ಸಾಕಾದರೂ ಶುರುವಾಗುವ ಕ್ಷಣಕ್ಕೆ ಅದರ ಹಲವು ಪಟ್ಟು ಎಳೆಯುತ್ತದೆ.

ಹಳೆಯ ಯಂತ್ರದ ಪೈಪ್ ಕತ್ತರಿಸಿ ಗುಜರಿಗೆ ಹಾಕುವಂತಿಲ್ಲ. ಅದರಲ್ಲಿ ಉಳಿದ ರೆಫ್ರಿಜರೆಂಟನ್ನು ಗಾಳಿಗೆ ಬಿಡುವುದು ಅಮೆರಿಕದ ಕ್ಲೀನ್ ಏರ್ ಕಾಯ್ದೆಯಡಿ ಅಪರಾಧ. ಗ್ಯಾಸ್ ತೆಗೆದುಕೊಳ್ಳುವ ಸೌಲಭ್ಯವಿರುವ ಕೇಂದ್ರಕ್ಕೆ ಇಡಿಯಾಗಿ ಒಪ್ಪಿಸಿ. ಕೆಲವು ತಿಂಗಳ ಓಡಾಟದ ನಂತರ ನಾಲ್ಕೂ ಬೋಲ್ಟ್‌ಗಳನ್ನು ಒಮ್ಮೆ ಪರೀಕ್ಷಿಸಿ. ಗ್ಯಾಸ್ಕೆಟ್ ಇನ್ನಷ್ಟು ಕುಸಿದು ಅವು ಸಡಿಲವಾಗಿರುವುದುಂಟು.