ನೀರು ಹಾಕಬೇಡಿ ಅಮ್ಮ

ಮೊನ್ನೆ ಮುಳ್ಳೇರಿಯದ ಹತ್ತಿರ ನಮ್ಮ ನೆರೆಮನೆಯವರ ರಬ್ಬರ್ ಶೀಟ್ ಒಣಗಿಸುವ ಹೊಗೆಗೂಡಿಗೆ ಬೆಂಕಿ ಬಿತ್ತು. ಅಗ್ನಿಶಾಮಕದವರು ಬಂದು ನಂದಿಸಿದ್ದೂ ಆಯಿತು. ನನ್ನ ತಲೆಯಿಂದ ಹೋಗದೆ ಉಳಿದದ್ದು ನಡುವೆ ಕೇಳಿದ ಒಂದು ಮಾತು.

ಒಳಗೆ ಹೋಗಿದ್ದ ಅಗ್ನಿಶಾಮಕದ ಹುಡುಗ ಹೊರಬಂದು ಪಾಗಾರದ ಬುಡದಲ್ಲಿ ಕೂತಿದ್ದ. ಮತ್ತೊಮ್ಮೆ ಹೋಗಲಿಕ್ಕಿತ್ತು. ಮುಖ ಕೆಂಪಾಗಿ, ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಮನೆಯ ಅಕ್ಕ ಅವನ ಬೆಂಕಿ ತಡೆಯುವ ಕೋಟಿನ ಮೇಲೆ ಸುರಿಯಲೆಂದು ಕೊಡಪಾನ ಎತ್ತಿಕೊಂಡು ಓಡಿಬಂದರು. ಆತ ಎರಡೂ ಕೈ ಅಡ್ಡ ಹಿಡಿದ. "ನೀರು ಹಾಕಬೇಡಿ ಅಮ್ಮ. ಒದ್ದೆಯಾದ್ರೆ ಒಳಗೆ ಹೋದಾಗ ಹಬೆಯಾಗಿ ಮೈ ಸುಡ್ತದೆ. ಕುಡಿಲಿಕ್ಕೆ ಕೊಡಿ."

"ಸುಮ್ಮನೆ ಕೂತಿದ್ದಾನಲ್ಲ" ಎಂದು ಒಬ್ಬರು ಗೊಣಗಿದರು. ಬಿಟ್ಟಿ ಸಲಹೆ ಬಿಟ್ಟರೆ ಬೇರೇನೂ ಬಾರದ ಮನುಷ್ಯ. ಕೊಡಪಾನ ತಂದ ಅಕ್ಕನೇ ಎಷ್ಟೋ ವಾಸಿ.

ನಾನು ಹೊಲಿಗೆಯವಳು. ಕೋಟು ಕಳಚಿಟ್ಟಾಗ ಕೇಳಿಕೊಂಡು ಅಂಚು ಮಗುಚಿ ನೋಡಿದೆ. ಹೊರಗೆ ಒತ್ತಾದ ನೇಯ್ಗೆ, ನಡುವೆ ನೀರು ತಡೆಯುವ ತೆಳು ಪದರ, ಒಳಗೆ ಕೌದಿಯಂತೆ ಹೊಲಿದ ಮೆತ್ತೆ. ಹೊರಗಿನ ಬಟ್ಟೆಗೆ ನೋಮೆಕ್ಸ್‌ನಂಥ ಅರಾಮಿಡ್ ನೂಲು, ಅಂದರೆ ಸುಲಭಕ್ಕೆ ಉರಿಯದ ಕೃತಕ ನೂಲು ಬಳಸುತ್ತಾರೆ. 1960ರ ದಶಕದಲ್ಲಿ ಡ್ಯುಪಾಂಟ್ ಕಂಪನಿ ತಂದದ್ದು. ನಾನು ದಿನಾ ಹೊಲಿಯುವ ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಅರಾಮಿಡ್ ಕರಗುವುದಿಲ್ಲ, ದಪ್ಪಗಾಗಿ ಕರಕಲಾಗುತ್ತದೆ. ಪದರಗಳ ನಡುವೆ ನಿಂತ ಒಣ ಗಾಳಿಯೂ ಕಾವು ತಡೆಯುತ್ತದೆ. ಮಂಡಿ ಊರಿದಲ್ಲಿ, ಬೆನ್ನಿಗೆ ಹೊರುವ ಉಸಿರಾಟದ ಸಿಲಿಂಡರಿನ ಪಟ್ಟಿ ಭುಜ ಒತ್ತಿದಲ್ಲಿ ಆ ಗಾಳಿ ಹಿಂಡಿಹೋಗಿ ಬೇಗ ಸುಡುತ್ತದೆ.

ನೀರು ಹಾಕಬೇಡಿ ಅಮ್ಮ. ಬೆವರೂ ನೀರೇ ಅಲ್ಲವೇ? ನಮ್ಮ ಏಪ್ರಿಲ್ ಸೆಕೆಗೆ ಬರೀ ಬನಿಯನ್ನೇ ಹಿಂಡಬೇಕು. ಆ ಕೋಟಿನೊಳಗೆ ಮೈಯ ಕಾವು ಹೊರಬರಲು ಸರಿಯಾದ ದಾರಿಯಿಲ್ಲ. ಬೆಂಕಿಯನ್ನು ಆಚೆ ನಿಲ್ಲಿಸುವ ಬಟ್ಟೆಯೇ ಮನುಷ್ಯನನ್ನು ಒಳಗೆ ಬೇಯಿಸುತ್ತದೆ. ಆತ ಕೂತದ್ದು ಅದಕ್ಕೆ.

ಒಬ್ಬ ಹುಡುಗ ಮಸಿ ಹಿಡಿದ ಕೋಟಿನ ಫೋಟೋ ತೆಗೆದು 'ವೀರನ ಗುರುತು' ಎಂದು ಸ್ಟೇಟಸ್ ಹಾಕಿದ. ಮನಸ್ಸು ಒಳ್ಳೆಯದೇ, ಆದರೆ ಆ ಮಸಿ ವಿಷ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಬೆಂಕಿ ನಂದಿಸುವ ಕೆಲಸವನ್ನೇ ಕ್ಯಾನ್ಸರ್ ತರುವಂಥವುಗಳ ಮೊದಲ ಗುಂಪಿಗೆ ಸೇರಿಸಿದೆ. ಮಸಿ ಕೂತ ಕೋಟು ಒಗೆಯಲೇಬೇಕು. ಬ್ಲೀಚ್ ಹಾಕುವಂತಿಲ್ಲ, ಬಿಸಿಲಿಗೆ ಹರವುವಂತಿಲ್ಲ. ಬಿಸಿಲಿಗೆ ಅರಾಮಿಡ್ ನೂಲಿನ ಬಲ ಕುಂದುತ್ತದೆ. ನೆರಳಲ್ಲಿ ಒಣಗುವಷ್ಟರಲ್ಲಿ ಇನ್ನೊಂದು ಕಡೆಯಿಂದ ಕರೆ ಬಂದರೆ ಏನು ಹಾಕಿಕೊಂಡು ಹೋಗುವುದು?

ಒಬ್ಬೊಬ್ಬರಿಗೂ ಎರಡೆರಡು ಜೊತೆ ಕೊಡಬೇಕೆಂದು ಸರಕಾರಕ್ಕೆ ಬರೆಯಲು ಮುಂದಿನ ಗ್ರಾಮಸಭೆಯಲ್ಲಿ ಕೇಳುತ್ತೇನೆ. ನಮ್ಮ ವಾರ್ಡಿನವರು ದಯವಿಟ್ಟು ಬನ್ನಿ, ಕೈ ಎತ್ತಿ.