ಸಾಯದ ಸಾರ್ಜೆಂಟ್

ಇತಿಹಾಸದ ಮೇಷ್ಟ್ರು ನನಗೆ ಮೂರು ವರ್ಷ ಪಾಠ ಮಾಡಿದರು. ಏನು ಪಾಠ ಎಂದು ಮಾತ್ರ ಕೇಳಬೇಡಿ. ಬಾಯಿಪಾಠ ಮಾಡಿದ ಇಸವಿಗಳೆಲ್ಲ ಪರೀಕ್ಷೆಯ ಮಾರನೇ ದಿನವೇ ಆವಿಯಾದವು. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ನೆನಪಾದದ್ದು ಒಂದೇ: ಹತ್ತನೇ ತರಗತಿಯಲ್ಲಿ ಅವರೇ ಬರೆದು ಆಡಿಸಿದ ಯುದ್ಧನಾಟಕ. ಅದರಲ್ಲಿ ನಾನು ಖಳ.

ನಾಟಕದ ಸೈನ್ಯ ಯಾವ ದೇಶದ್ದು ಎಂದು ಮೇಷ್ಟ್ರು ಬರೆದಿರಲಿಲ್ಲ. ಹೆಸರಿಲ್ಲದ ಯುದ್ಧ, ಹೆಸರಿಲ್ಲದ ಹಳ್ಳಿ, ಅಲ್ಲೊಬ್ಬ ಸಾರ್ಜೆಂಟ್. ತುಕಡಿಯ ಔಷಧಿ, ಪೆಟ್ರೋಲು ಕದ್ದು ಮಾರುತ್ತಾನೆ. ಹಳ್ಳಿಯವರು ಕಣ್ಣಾರೆ ಕಂಡರೆಂದು ಗೊತ್ತಾದಾಗ 'ಇವರೆಲ್ಲ ಶತ್ರುವಿನ ಗೂಢಚಾರರು' ಎಂದು ಸಾರಿ ಹಳ್ಳಿಗೇ ಬೆಂಕಿ ಇಡಿಸುತ್ತಾನೆ. ಈ ಪಾತ್ರಕ್ಕೆ ನನ್ನನ್ನೇ ಏಕೆ ಆರಿಸಿದರೋ! ಧ್ವನಿ ಚೆನ್ನಾಗಿತ್ತು ಎಂದು ನಾನು ಹೇಳಿಕೊಳ್ಳುತ್ತೇನೆ. ಗೆಳೆಯರು ಬೇರೆ ಕಾರಣ ಕೊಡುತ್ತಾರೆ.

ಮೊದಲು ಸಿಟ್ಟಾದವರು ಡ್ರಿಲ್ ಮೇಷ್ಟ್ರು. ಸೇನೆಯಲ್ಲಿದ್ದು ನಿವೃತ್ತರಾಗಿ ಬಂದವರು. "ಸಿಪಾಯಿನ ಕಳ್ಳ ಅಂತ ತೋರಿಸ್ತೀರೇನ್ರೀ?" ಎಂದು ರಿಹರ್ಸಲ್ ನಡುವೆಯೇ ಎದ್ದು ಹೋದರು. ಎರಡು ದಿನ ಬಿಟ್ಟು ತಾವಾಗಿಯೇ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಕೂದಲು ಕೆದರಿಕೊಂಡು, ಹಲ್ಲು ಕಡಿಯುತ್ತಾ, ಒಂದು ಕಾಲೆಳೆದು ನಡೆಯುತ್ತಿದ್ದೆ. ಸ್ವಲ್ಪ ಹೊತ್ತು ನೋಡಿದರು, ಆಮೇಲೆ ತಡೆಯಲಾಗಲಿಲ್ಲ.

"ಲೇ, ಕೆಟ್ಟ ಸಿಪಾಯಿ ಹಿಂಗಿರಲ್ಲ. ಅವನ ಬೂಟು ಎಲ್ಲರಿಗಿಂತ ಹೊಳೀತಿರುತ್ತೆ. ಸೆಲ್ಯೂಟ್ ಎಲ್ಲರಿಗಿಂತ ಜೋರು. ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ಮೊದಲು ಕೊಲೆ ಮಾಡಲ್ಲ ಅವನು, ಮೊದಲು ರೇಷನ್ ಲೆಕ್ಕ ತಿದ್ದುತಾನೆ."

ಅಂದಿನಿಂದ ನನ್ನ ಕಾಲು ನೆಟ್ಟಗಾಯಿತು. ದಿನಾ ಸಂಜೆ ಬೂಟು ಪಾಲಿಶ್. ಕಾಲೇಜಿನ ದಿನಗಳಲ್ಲಿ 'ಪ್ಲಟೂನ್' ನೋಡಿದೆ. ವಿಯೆಟ್ನಾಂ ಯುದ್ಧದಲ್ಲಿ ತಾನೇ ಹೋರಾಡಿ ಬಂದ ಆಲಿವರ್ ಸ್ಟೋನ್ 1986ರಲ್ಲಿ ತೆಗೆದ ಸಿನಿಮಾ. ಅದರ ಸಾರ್ಜೆಂಟ್ ಬಾರ್ನ್ಸ್‌ನ ಮುಖದ ಮೇಲೆಲ್ಲ ಗಾಯದ ಕಲೆ. ಅದ್ಭುತ ನಟನೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಡ್ರಿಲ್ ಮೇಷ್ಟ್ರು ಪಕ್ಕದಲ್ಲಿದ್ದಿದ್ದರೆ, ಮುಖ ನೋಡಿದ ಕೂಡಲೇ ಗೊತ್ತಾಗಿಬಿಡುತ್ತಲ್ಲೋ ಎಂದು ಗೊಣಗುತ್ತಿದ್ದರು.

ಇನ್ನು ಆ ರಾತ್ರಿಯ ಕತೆ. ಕೊನೆಯ ದೃಶ್ಯದಲ್ಲಿ ಒಬ್ಬ ಎಳೆಯ ಸಿಪಾಯಿ ನನ್ನನ್ನು ಗುಂಡಿಟ್ಟು ಕೊಲ್ಲಬೇಕು. ಬಂದೂಕು ಮರದ್ದು. ಪರದೆಯ ಹಿಂದೆ ಒಬ್ಬ ತಗಡಿನ ಡಬ್ಬಕ್ಕೆ ಬಡಿದರೆ ಅದೇ ಗುಂಡಿನ ಸದ್ದು. ನನಗೆ ಸಾಯಲು ಮನಸ್ಸಿರಲಿಲ್ಲ. ಅಷ್ಟು ಚೆನ್ನಾಗಿ ಮಾಡಿದವನು ಬಾಯಿ ಕಳೆದುಕೊಂಡು ನೆಲದ ಮೇಲೆ ಬಿದ್ದಿರುವುದೇ? ಎರಡು ದಿನದ ಗಣಿತದ ಹೋಮ್‌ವರ್ಕ್ ಮಾಡಿಕೊಡುವ ಕರಾರಿನ ಮೇಲೆ ಡಬ್ಬದವನನ್ನು ಒಳಗೆ ಹಾಕಿಕೊಂಡೆ. ಸಿಪಾಯಿ ಬಂದೂಕಿನ ಕುದುರೆ ಎಳೆದ. ಸದ್ದಿಲ್ಲ. ಮತ್ತೆ ಎಳೆದ. ಸದ್ದಿಲ್ಲ. ಪಾಪ, ಮೂರನೇ ಸಲ ಬಾಯಲ್ಲೇ 'ಢಂ' ಅಂದ. ನಾನು ಟೋಪಿಯ ಧೂಳು ಕೊಡವಿ, ಬೆಲ್ಟು ಸರಿಮಾಡಿಕೊಂಡು, "ನಾಳೆ ಆರು ಗಂಟೆಗೆ ಪರೇಡ್!" ಎಂದು ಗದರಿಸಿ, ಸಿಳ್ಳೆ ಹಾಕುತ್ತಾ ಹೊರಟುಹೋದೆ. ಅಂಥ ಚಪ್ಪಾಳೆ ನನ್ನ ಜೀವಮಾನದಲ್ಲಿ ಮತ್ತೆ ಬಿದ್ದಿಲ್ಲ, ಹೇಳಿಬಿಡುತ್ತೇನೆ.

ಮಾರನೇ ದಿನ ಬೆತ್ತಕ್ಕೆ ಕೈಯೊಡ್ಡಲು ಸಿದ್ಧನಾಗಿಯೇ ಹೋಗಿದ್ದೆ. ಮೇಷ್ಟ್ರು ಪುಸ್ತಕವಿಲ್ಲದೆ ಬಂದು ಬೋರ್ಡಿನ ಮೇಲೆ 'ಮೈ ಲಾಯ್' ಎಂದು ಬರೆದರು. ವಿಯೆಟ್ನಾಮಿನ ಹಳ್ಳಿ, 1968ರ ಮಾರ್ಚ್ 16. ಅಮೆರಿಕದ ಸೈನಿಕರು ಒಂದು ಬೆಳಗಿನಲ್ಲಿ ಮುದುಕರನ್ನು, ಹೆಂಗಸರನ್ನು, ಕೂಸುಗಳನ್ನು ಕೊಂದರು. ಅಮೆರಿಕದ ಲೆಕ್ಕಕ್ಕೆ ಸತ್ತವರು 347. ಅಲ್ಲಿನ ಸ್ಮಾರಕದ ಮೇಲಿರುವ ಹೆಸರುಗಳು 504. ಸುದ್ದಿ ಹೊರಜಗತ್ತಿಗೆ ಬಂದದ್ದು 1969ರ ನವೆಂಬರಿನಲ್ಲಿ. ಶಿಕ್ಷೆಯಾದದ್ದು ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ ಒಬ್ಬನಿಗೇ. ಮೇಲಿನವರ ಆಜ್ಞೆ ಪಾಲಿಸಿದೆ ಎಂಬುದು ಅವನ ವಾದ. 1971ರಲ್ಲಿ ಜೀವಾವಧಿ ಶಿಕ್ಷೆ, ಅದರ ಬೆನ್ನಿಗೇ ಅಧ್ಯಕ್ಷ ನಿಕ್ಸನ್ ಅಪ್ಪಣೆಯಂತೆ ಗೃಹಬಂಧನ, ಸುಮಾರು ಮೂರೂವರೆ ವರ್ಷಕ್ಕೆ ಬಿಡುಗಡೆ.

"ನಿನ್ನೆ ಇವನು ಸಿಳ್ಳೆ ಹಾಕ್ಕೊಂಡು ಹೋದ, ನೀವೆಲ್ಲ ನಕ್ಕಿರಿ," ಎಂದರು ಮೇಷ್ಟ್ರು. ಕ್ಲಾಸಿನಲ್ಲಿ ಉಸಿರಿನ ಸದ್ದಿಲ್ಲ. ನನಗೆ ಬೂಟು ನೋಡಿಕೊಳ್ಳಲು ಹೆದರಿಕೆಯಾಯಿತು. ಆಮೇಲೆ ಇನ್ನೊಬ್ಬ ಸೈನಿಕನ ಕತೆ ಹೇಳಿದರು. ಹ್ಯೂ ಥಾಂಪ್ಸನ್ ಎಂಬ ಪೈಲಟ್, ಕೊಲ್ಲಲು ಬರುತ್ತಿದ್ದ ತನ್ನವರೇ ಸೈನಿಕರಿಗೂ ಹಳ್ಳಿಗರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿ ಕೆಲವರನ್ನು ಉಳಿಸಿದವನು. ಪೀರಿಯಡ್ ಮುಗಿದ ಮೇಲೆ ಸ್ಟಾಫ್ ರೂಮಿಗೆ ಕರೆಸಿ ನನ್ನ ಕಿವಿ ಹಿಂಡಿದ್ದು ಬೇರೆ ಲೆಕ್ಕ.

1998ರಲ್ಲಿ, ಮೂವತ್ತು ವರ್ಷ ತಡವಾಗಿ, ಥಾಂಪ್ಸನ್‌ಗೆ ಸೇನೆಯ ಪದಕ ಕೊಟ್ಟ ಸುದ್ದಿ ಓದಿ ಮೇಷ್ಟ್ರಿಗೆ ಕಾಗದ ಬರೆದೆ. ಕಾರ್ಡಿನಲ್ಲಿ ಉತ್ತರ ಬಂತು: "ಸಂತೋಷ. ನಿನ್ನ ಅಕ್ಷರ ಇನ್ನೂ ಸುಧಾರಿಸಿಲ್ಲ."

ಈಚೆಗೆ ನೆಂಟರ ಮಗುವಿನ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಎಲ್ಲ ಮಕ್ಕಳೂ ಮರ, ಚಿಟ್ಟೆ, ಕಾಮನಬಿಲ್ಲು. ಹಾಡು ರೆಕಾರ್ಡಿನದು, ಮಾತೂ ರೆಕಾರ್ಡಿನದು. ಖಳನ ಪಾತ್ರ ಕೊಟ್ಟರೆ ಅಪ್ಪ ಅಮ್ಮ ದೂರು ತರುತ್ತಾರಂತೆ. ಯಾರನ್ನು ದೂರಲಿ? ಶಿಕ್ಷಕರಿಗೆ ಉಸಿರಾಡಲೂ ಬಿಡುವಿಲ್ಲ. ಆದರೆ ಅಷ್ಟು ಚಿಟ್ಟೆಗಳ ನಡುವೆ ಒಬ್ಬ ಸಾರ್ಜೆಂಟ್ ಬೇಕಿತ್ತು ಅನ್ನಿಸಿತು.

ಮೇಷ್ಟ್ರ ಮನೆಗೆ ಹೋದಾಗ ಅವರ ಮಗಳು ನಾಟಕದ ಹಸ್ತಪ್ರತಿ ತಂದು ತೋರಿಸಿದರು. ಮೊದಲು ಹುಡುಕಿದ್ದು ಕೊನೆಯ ಪುಟ. 'ಸಾರ್ಜೆಂಟ್ ಸಾಯುತ್ತಾನೆ' ಎಂಬುದಕ್ಕೆ ಕೆಂಪು ಗೆರೆ ಎಳೆದು 'ಸಿಳ್ಳೆ ಹಾಕುತ್ತಾ ಹೊರಡುತ್ತಾನೆ' ಎಂದು ಬರೆದಿದ್ದರು. ಮುಂದಿನ ವರ್ಷಗಳ ಹುಡುಗರು ಹಾಗೆಯೇ ಆಡಿದರಂತೆ. ತಿದ್ದಿದವನ ಹೆಸರಿದೆಯೇ ಎಂದು ಪುಟದ ಹಿಂದೆ ಮುಂದೆಲ್ಲ ನೋಡಿದೆ, ಇದ್ದರೆ ಒಂದು ಫೋಟೋ ತೆಗೆದುಕೊಳ್ಳೋಣವೆಂದು. ಇರಲಿಲ್ಲ. ಅಂಚಿನಲ್ಲಿ ಡ್ರಿಲ್ ಮೇಷ್ಟ್ರ ದಪ್ಪ ಅಕ್ಷರದ ಒಂದು ಸಾಲು ಮಾತ್ರ ಇತ್ತು: 'ಹೊರಡುವ ಮುಂಚೆ ಬೂಟು ಒರೆಸಿಕೊಳ್ಳಲಿ.'