ಪದ್ಮಿನಿಗೊಂದು ಮಾಡು

2024 ಮೇ 25, ಶನಿವಾರ, ರಾತ್ರಿ

ತಮ್ಮ ಬೆಂಗಳೂರಿನಿಂದ ಕಳಿಸಿದ ಕಾರಿನ ಕವರ್ ಕೊರಿಯರ್‌ನಲ್ಲಿ ಬಂದಿದೆ. ಒಳಗಡೆ ಮೆತ್ತನೆ ಬಟ್ಟೆ, ಹೊರಗಡೆ ನೀರು ಇಳಿಯದ ಪದರ, ಕೆಳಗೆ ಸುತ್ತಲೂ ಎಲಾಸ್ಟಿಕ್. ಒಳ್ಳೆಯದನ್ನೇ ಹುಡುಕಿ ತೆಗೆದಿದ್ದಾನೆ. ಆದರೆ ಇವತ್ತು ಶಿವಮೊಗ್ಗದಲ್ಲಿ ಗ್ಯಾರೇಜಿನ ಮೇಸ್ತ್ರಿ ಹೇಳಿದ್ದನ್ನು ಕೇಳಿದ ಮೇಲೆ ಅದನ್ನು ಗಾಡಿಗೆ ಹೊದಿಸಲು ನನಗೆ ಮನಸ್ಸೇ ಬರುತ್ತಿಲ್ಲ.

ಕೃತ್ತಿಕೆ ಮುಗಿದು ರೋಹಿಣಿ ಬಂತು. ಮೃಗಶಿರ ಹಿಡಿಯಲು ಇನ್ನು ಎರಡೇ ವಾರ. ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಅಷ್ಟೂ ಮಳೆಗೆ ಅಪ್ಪನ ಹಳೇ ಪ್ರೀಮಿಯರ್ ಪದ್ಮಿನಿ ಕಾರು ಈ ಸಲ ಹೊರಗೇ ನಿಲ್ಲಬೇಕು. ಅದು ನಿಲ್ಲುತ್ತಿದ್ದ ಶೆಡ್ಡು ಪಾಲಿನಲ್ಲಿ ಚಿಕ್ಕಪ್ಪನಿಗೆ ಹೋಯಿತು. ಅಲ್ಲಿ ಈಗ ಟಿಲ್ಲರ್ ಇದೆ, ಅಡಿಕೆ ಸುಲಿಯುವ ಮೆಷಿನ್ ಇದೆ. ಅವರಿಗೂ ಜಾಗ ಬೇಕಲ್ಲ, ನಾನು ತಪ್ಪು ಹೇಳುತ್ತಿಲ್ಲ.

ಬೆಳಿಗ್ಗೆ ಬೇಗ ಹೊರಟು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ಗೆ ಹೋದೆ. ಅಪ್ಪ ಹೋಗುತ್ತಿದ್ದ ಅದೇ ಗ್ಯಾರೇಜು. ಮಂಡಗದ್ದೆ ದಾಟುವವರೆಗೂ ಗಾಡಿ ಸೊಗಸಾಗಿ ಓಡಿತು. ಸ್ಟೀರಿಂಗ್ ಪಕ್ಕದ ಗೇರು ಹಾಕುವಾಗ ಈಗಲೂ ಎಡಗೈಗೆ ಅಪ್ಪನ ಕೈ ತಾಗಿದ ಹಾಗೆ ಅನ್ನಿಸುತ್ತದೆ. ಮೇಸ್ತ್ರಿ ನನ್ನನ್ನು ನೋಡಿದವರೇ ಮೊದಲು ಕೇಳಿದ್ದು, "ಈ ಮಳೆಗಾಲಕ್ಕೆ ಎಲ್ಲಿ ನಿಲ್ಲಿಸ್ತೀಯಮ್ಮ?" ಅಂತ. ಅಪ್ಪ ಹೋದ ವಿಷಯ, ಪಾಲಾದ ವಿಷಯ, ಎರಡೂ ಅವರಿಗೆ ಗೊತ್ತಾಗಿತ್ತು.

ರಟ್ಟು ಹಾಸಿಕೊಂಡು ಗಾಡಿಯ ಅಡಿಗೆ ಹೋದರು. ಸ್ಕ್ರೂಡ್ರೈವರ್ ಹಿಡಿಯಿಂದ ಮುಂದಿನಿಂದ ಹಿಂದಕ್ಕೆ ಬಡಿಯುತ್ತಾ ಹೋದರು. ಟಣ್, ಟಣ್ ಅಂತ ಬರುತ್ತಿದ್ದ ಸದ್ದು ಡ್ರೈವರ್ ಬಾಗಿಲ ಕೆಳಗೆ ಬಂದಾಗ ಡಬ್ ಅಂದಿತು. "ಕೇಳಿಸ್ತಾ?" ಅಂದರು. ಕೇಳಿಸಿತು. ನನ್ನ ಎದೆ ಧಸಕ್ಕೆಂದಿತು.

"ತೂತಾಗಿಲ್ಲ, ಹೆದರಬೇಡ. ಆದ್ರೆ ಒಳಗಿಂದ ಶುರುವಾಗಿದೆ. ಜೀಪಿಗಾದ್ರೆ ಚಾಸಿ ಬೇರೆ, ಬಾಡಿ ಬೇರೆ. ಬಾಡಿ ಹೋದ್ರೆ ಇನ್ನೊಂದು ಕೂರಿಸಬಹುದು. ಇದಕ್ಕೆ ಬಾಡಿನೇ ಚಾಸಿ ಕಣಮ್ಮ. ಬಾಗಿಲ ಕೆಳಗಿನ ಈ ಪಟ್ಟಿ ಇದೆಯಲ್ಲ, ಇದು ಹೋದ್ರೆ ಮನುಷ್ಯನಿಗೆ ಬೆನ್ನುಮೂಳೆ ಹೋದಂಗೆ."

ಆಮೇಲೆ ಬಾಗಿಲು ತೆರೆದು ಅಡಿಯ ಅಂಚಿನಲ್ಲಿ ತಂತಿ ತೂರಿಸಿದರು. ಕಪ್ಪು ರಾಡಿ ಇಳಿಯಿತು. ಕೊಳೆತ ಎಲೆ, ಮಣ್ಣು, ನೀರು. ಕಿಟಕಿ ಗಾಜಿನ ಮೇಲೆ ಬಿದ್ದ ನೀರು ಸ್ವಲ್ಪವಾದರೂ ಬಾಗಿಲೊಳಗೆ ಇಳಿದೇ ಇಳಿಯುತ್ತದಂತೆ. ಅದು ಹೊರಗೆ ಹೋಗಲಿ ಅಂತಲೇ ಕೆಳಗೆ ಸಣ್ಣ ತೂತು ಬಿಟ್ಟಿರುತ್ತಾರೆ. ಆ ತೂತು ಕಟ್ಟಿಕೊಂಡರೆ ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗಿನ ಬಣ್ಣದಲ್ಲಿ ಗುಳ್ಳೆ ಎದ್ದು ನಮಗೆ ಕಾಣುವ ಹೊತ್ತಿಗೆ ತಗಡು ಅರ್ಧ ಹೋಗಿರುತ್ತದೆ. ಬಾನೆಟ್ಟಿನ ಹಿಂದೆ, ವೈಪರ್ ಬುಡದಲ್ಲಿ ಎಲೆ ಸೇರಿದರೂ ಇದೇ ಕಥೆ. ಮಡ್‌ಗಾರ್ಡ್ ಒಳಗಿನ ಕೆಸರೂ ಅಷ್ಟೇ. ಅದನ್ನು ತೊಳೆಯದೆ ಗಾಡಿ ನಿಲ್ಲಿಸಿದರೆ ಆ ಮಣ್ಣು ತಿಂಗಳುಗಟ್ಟಲೆ ಪಸೆ ಹಿಡಿದುಕೊಂಡು ಕೂತಿರುತ್ತದೆ.

ಕವರ್ ಬರುವ ವಿಷಯ ಹೇಳಿದೆ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ತಲೆ ಆಡಿಸಿದರು.

"ಬೆಂಗಳೂರಿಗೆ ಸರಿ ಅದು. ಶಿವಮೊಗ್ಗಕ್ಕೂ ನಡೆಯುತ್ತೆ. ಇಲ್ಲಿ ಮಳೆ ಬಂದ ಮೇಲೆ ಬಿಸಿಲು ಬರುತ್ತೆ, ಕವರ್ ಒಣಗುತ್ತೆ. ನಿಮ್ಮೂರಲ್ಲಿ ಯಾವಾಗ ಒಣಗ್ಬೇಕು?"

ನಿಜ ಅಲ್ವಾ? ಶಿವಮೊಗ್ಗ ಪೇಟೆಗೆ ವರ್ಷಕ್ಕೆ ಬೀಳುವುದು ಸಾವಿರ ಮಿಲಿಮೀಟರ್ ಆಸುಪಾಸು. ಆಗುಂಬೆಯಲ್ಲಿ 7 ಸಾವಿರ ದಾಟುತ್ತದೆ. ನಮ್ಮದು ಆಗುಂಬೆಯಷ್ಟು ಅಲ್ಲದಿದ್ದರೂ ಅದೇ ಮೋಡ, ಅದೇ ಗಾಳಿ. ಆರಿದ್ರಾ ಹಿಡಿದ ಮೇಲೆ ಬಟ್ಟೆಯನ್ನೇ ಬಚ್ಚಲ ಒಲೆಯ ಮೇಲೆ ಒಣಗಿಸುತ್ತೇವೆ. ನೆಲದಿಂದ ಏಳುವ ಪಸೆ ಕವರಿನ ಒಳಮೈಗೆ ತಾಗಿ ನೀರಾಗುತ್ತದೆ, ಅಲ್ಲಿಂದ ಗಾಡಿಯ ಮೇಲೇ ಇಳಿಯುತ್ತದೆ. ಮಳೆಯ ನೀರು ಹರಿದು ಹೋಗುತ್ತದೆ. ಈ ನೀರು ಹೋಗುವುದಿಲ್ಲ. ಬರೀ ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿದರಂತೂ ಇನ್ನೂ ಜಾಸ್ತಿ. ಬಣ್ಣ ಬೆಳ್ಳಗೆ ಮಂಕಾಗುತ್ತದೆ, ಸೀಟಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಗೆ ಪಟಪಟ ಬಡಿದುಕೊಂಡು ಒಳಗೆ ಸೇರಿದ ಧೂಳು ಬಣ್ಣವನ್ನು ಉಜ್ಜುತ್ತದೆ.

"ಮೇಲೆ ಮಾಡು ಬೇಕು. ಮೈಗೆ ಗಾಳಿ ಬೇಕು. ಅಷ್ಟು ಮಾಡು, ಇನ್ನೂ ಇಪ್ಪತ್ತು ವರ್ಷ ಓಡಿಸ್ತೀಯ," ಅಂದರು. ದುಡ್ಡು ತೆಗೆದುಕೊಳ್ಳುವಾಗ ಅಪ್ಪನಿಗೆ ಬಿಡುತ್ತಿದ್ದಷ್ಟೇ ನನಗೂ ಬಿಟ್ಟರು.

ತಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವನಿಗೆ ಬೇಜಾರಾಯಿತು, ಸಹಜ. "ಹೋಗಲಿ ಅಕ್ಕ, ವಾರಕ್ಕೊಂದು ಸಲ ಐದು ನಿಮಿಷ ಸ್ಟಾರ್ಟ್ ಆದ್ರೂ ಮಾಡು," ಅಂದ. ಅದೂ ಬೇಡ ಅಂದಿದ್ದಾರೆ ಮೇಸ್ತ್ರಿ. ಪೆಟ್ರೋಲು ಉರಿದಾಗ ಹೊಗೆಯ ಜೊತೆ ನೀರಿನ ಆವಿಯೂ ಬರುತ್ತದೆ. ಐದು ನಿಮಿಷಕ್ಕೆ ಸೈಲೆನ್ಸರ್ ಬಿಸಿಯಾಗುವುದಿಲ್ಲ, ನೀರು ಒಳಗೇ ಉಳಿದು ತಗಡು ತಿನ್ನುತ್ತದೆ. ಇಂಜಿನ್ ಆಯಿಲ್‌ಗೂ ಸೇರುತ್ತದೆ. ಸ್ಟಾರ್ಟ್ ಮಾಡಿದರೆ ತೀರ್ಥಹಳ್ಳಿವರೆಗೆ ಹೋಗಿ ಬರಬೇಕು, ಇಲ್ಲದಿದ್ದರೆ ಮುಟ್ಟಬಾರದು. ಬ್ಯಾಟರಿ ಬಿಚ್ಚಿ ಒಳಗೆ ಇಡುವುದು. ಟ್ಯಾಂಕು ತುಂಬಿಸಿಡುವುದು, ಖಾಲಿ ಜಾಗ ಇದ್ದಷ್ಟೂ ಗಾಳಿಯ ಪಸೆ ನೀರಾಗಿ ಪೆಟ್ರೋಲಿಗೆ ಸೇರುತ್ತದೆ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಬೇರೆ ನೀರನ್ನು ಎಳೆದುಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಟ್ಟು ಗಾಲಿಗೆ ಕಲ್ಲು ಕೊಡುವುದು. ಎಳೆದಿಟ್ಟರೆ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಂಡುಬಿಡುತ್ತದೆ. ಇದೆಲ್ಲಾ ಅಪ್ಪ ಮಾಡುತ್ತಿದ್ದುದೇ.

ಫೋನ್ ಇಡುವ ಮೊದಲು ತಮ್ಮ ಹೇಳಿದ, "ಹೋದ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಕೊನೇ ಪದ್ಮಿನಿ ಟ್ಯಾಕ್ಸಿನೂ ನಿಂತೋಯ್ತು, ಗೊತ್ತಲ್ಲ." ಗೊತ್ತು. ಆ ಟ್ಯಾಕ್ಸಿಗಳು ಇದ್ದಷ್ಟು ದಿನ ಮುಂಬೈಯಿಂದ ಹೇಗೋ ಪಾರ್ಟ್ಸ್ ಬರುತ್ತಿತ್ತು. ಕುರ್ಲಾದಲ್ಲಿ ತಯಾರಾಗುತ್ತಿದ್ದ ಗಾಡಿ, ಅದೇ ಊರಲ್ಲೇ ಈಗ ಇಲ್ಲ. ನಮ್ಮದು 1986ರದ್ದು. ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಅಜ್ಜ ಬೇಡ ಅಂದರೂ ಅಪ್ಪ ಕಾದರು.

ಮಧ್ಯಾಹ್ನ ಅಮ್ಮ, "ಎಂತ ಮಾರಾಯ್ತಿ, ಕೊಟ್ಟಿಗೆ ಅರ್ಧ ಖಾಲಿ ಇದೆಯಲ್ಲ, ಅಲ್ಲೇ ನಿಲ್ಲಿಸು," ಅಂದರು. ಅಪ್ಪ ಅದಕ್ಕೆ ಒಪ್ಪುತ್ತಿರಲಿಲ್ಲ. ಗಂಜಲದಿಂದ ಏಳುವ ಅಮೋನಿಯಾ ಬಂಪರಿನ ಹೊಳಪು ಕೆಡಿಸುತ್ತದೆ, ತಾಮ್ರ ಹಿತ್ತಾಳೆಯನ್ನೂ ಬಿಡುವುದಿಲ್ಲ. ಅಮ್ಮನಿಗೆ ಹೇಳಿದೆ. ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ, "ಮಳೆಗಾಲದ ಸಂಜೆ ಅದರೊಳಗೆ ಕೂತು ರೇಡಿಯೋದಲ್ಲಿ ಭದ್ರಾವತಿ ಸ್ಟೇಷನ್ ಹಾಕ್ಕೊಳ್ತಿದ್ರು. ನಾನು ಕಾಫಿ ಅಲ್ಲಿಗೇ ಕೊಡ್ತಿದ್ದೆ," ಅಂದರು. ಇದನ್ನು ಅಮ್ಮ ಇಷ್ಟು ದಿನ ಹೇಳಿಯೇ ಇರಲಿಲ್ಲ. ನನಗೂ ಮಾತು ಬರಲಿಲ್ಲ.

ಸಂಜೆ ಟೇಪು ಹಿಡಿದುಕೊಂಡು ಅಂಗಳದಲ್ಲಿ ಓಡಾಡಿದೆ. ಗಾಡಿ ಸುಮಾರು 13 ಅಡಿ ಉದ್ದ. 20 ಅಡಿಗೆ 12 ಅಡಿ ಮಾಡು ಹಾಕಿದರೆ ಸುತ್ತ ಎರಚಲು ತಾಗದಷ್ಟು ಜಾಗ ಸಿಗುತ್ತದೆ. ಅಡಿಕೆ ಮರದ ಕಂಬ ಮಣ್ಣಿನಲ್ಲಿ ಬೇಗ ಕುಂಬಾಗುತ್ತದೆ, ಕಬ್ಬಿಣದ ಪೈಪೇ ಆಗಬೇಕು. ಮೇಲೆ ಶೀಟು. ಮಳೆ ಹೊಡೆಯುವುದು ಪಡುವಣದಿಂದ, ಆ ಕಡೆ ಮಾತ್ರ ಸೋಗೆ ತಟ್ಟಿ. ಉಳಿದ ಕಡೆ ಬಯಲು. ನೆಲಕ್ಕೆ ಮೊದಲು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ಜಲ್ಲಿ ಹರಡಿದರೆ ಪಸೆ ಮೇಲೇಳುವುದು ತಪ್ಪುತ್ತದೆ. ಮಾಡು ಇದ್ದರೆ ಕಿಟಕಿ ಗಾಜನ್ನು ಒಂದು ಬೆರಳಷ್ಟು ಇಳಿಸಿಡಬಹುದು, ಒಳಗೊಂದು ಬುಟ್ಟಿ ಇದ್ದಿಲು ಇಡಬಹುದು. ಸೈಲೆನ್ಸರ್ ಬಾಯಿಗೆ, ಏರ್ ಫಿಲ್ಟರ್ ಬಾಯಿಗೆ ತಂತಿ ಬಲೆ ಕಟ್ಟಬೇಕು. ಇಲಿ ಹೊಕ್ಕರೆ ವಯರಿಂಗ್ ಉಳಿಯುವುದಿಲ್ಲ, ಇಲಿಯ ಹಿಂದೆಯೇ ಕೇರೆ ಹಾವು ಬರುತ್ತದೆ.

ಎಲ್ಲಾ ಸರಿ, ಜಾಗ ಎಲ್ಲಿ?

ನಮ್ಮ ಪಾಲಿನಲ್ಲಿ ಸಪಾಟಾಗಿರುವುದು ಹಲಸಿನ ಮರದ ಬುಡ ಒಂದೇ. ಹಣ್ಣು ಬಿದ್ದರೆ ಶೀಟಿನ ಜೊತೆ ಗಾಡಿಯ ಟಾಪೂ ಜಜ್ಜಿ ಹೋಗುತ್ತದೆ. ಎಲೆ ಬೇರೆ ವರ್ಷವಿಡೀ ಉದುರುತ್ತದೆ. ಆ ಮರ ಕಡಿಯುವ ಮಾತನ್ನು ನಾನು ಎತ್ತುವುದಿಲ್ಲ. ಸರಿಯಾದ ಜಾಗ ಅಂದರೆ ಚಿಕ್ಕಪ್ಪನ ಶೆಡ್ಡಿನ ಮೂಡಣ ಗೋಡೆಯ ಪಕ್ಕ. ಪಡುವಣದ ಗಾಳಿಗೆ ಗೋಡೆಯೇ ಅಡ್ಡ. ನೆಲಕ್ಕೆ ಜಂಬಿಟ್ಟಿಗೆ ಹಾಸಿದೆ. ಗೋಡೆಗೇ ಆನಿಸಿ ಶೀಟು ಇಳಿಸಿದರೆ ಖರ್ಚೂ ಅರ್ಧ. ಅಲ್ಲಿ ಅವರು ಏನನ್ನೂ ಇಟ್ಟಿಲ್ಲ.

ಪಾಲಾದ ಮೇಲೆ ನಮ್ಮಿಬ್ಬರ ನಡುವೆ ಮಾತು ಊಟ ಆಯ್ತಾ, ಮಳೆ ಬಂತಾ ಅನ್ನುವಷ್ಟಕ್ಕೇ ನಿಂತಿದೆ. ಜಗಳ ಏನಿಲ್ಲ. ಚಿಕ್ಕಪ್ಪ ಡ್ರೈವಿಂಗ್ ಕಲಿತದ್ದೂ ಇದೇ ಗಾಡಿಯಲ್ಲಿ. ಅಪ್ಪನ ಕಾರ್ಯ ಮುಗಿದ ದಿನ ಹೊರಗೆ ಬಂದು ಗಾಡಿಯ ಪಕ್ಕ ಸುಮ್ಮನೆ ನಿಂತಿದ್ದರು, ನಾನು ನೋಡಿದ್ದೆ.

ನಾಳೆ ಭಾನುವಾರ, ಮನೆಯಲ್ಲೇ ಇರುತ್ತಾರೆ. ಮೊದಲು ಚಿಕ್ಕಮ್ಮನ ಕಿವಿಗೆ ಹಾಕುವುದೋ, ನೇರ ಅವರ ಹತ್ತಿರವೇ ಹೋಗುವುದೋ. ಬಾಡಿಗೆ ಕೊಡುತ್ತೇನೆ ಅಂದರೆ ನೊಂದುಕೊಳ್ಳುತ್ತಾರೆ. ಸುಮ್ನೆ ಕೊಡಿ ಅಂದರೆ ಅಮ್ಮ ಒಪ್ಪುವುದಿಲ್ಲ. ಎರಡು ಮಳೆಗಾಲದ ಮಟ್ಟಿಗೆ ಅಂತ ಕೇಳಿದರೆ, ಆಮೇಲೆ ನಾನು